ಪರ್ವತಯ್ಯನವರ ಕಡಲು

ಇಂಗ್ಲೆಂಡಿಗೆ ಹೋಗಿಬಂದವರು ಒಂದಿಷ್ಟು ಬೆಳ್ಳಗಾಗಿ ಬರುತ್ತಾರೆ ಎಂಬುದು ಮಧುಗಿರಿಯ ಜನರ ನಂಬಿಕೆ. ಪರ್ವತಯ್ಯನವರು ಮಾತ್ರ ಕೆಂಡದ ಮೇಲೆ ಸುಟ್ಟ ಬದನೆಕಾಯಿಯ ಹಾಗಾಗಿ ಬಂದಿದ್ದರು. ಎಲ್ಲ ತೊಂದರೆಯೂ ಅಲ್ಲಿಂದಲೇ ಶುರುವಾಯಿತು.

ಹಿಂದಿನ ದಿನ ಕತ್ತಲಾದ ಮೇಲೆ ಯಾರ ಕಣ್ಣಿಗೂ ಬೀಳದೆ ಮನೆ ಸೇರಿಕೊಂಡಿದ್ದ ಅವರು, ಬೆಳಿಗ್ಗೆ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲು ಬಾಗಿಲಿನ ಸಂದಿಯಿಂದ ಒಂದು ಕೈಯನ್ನಷ್ಟೇ ಹೊರಗೆ ಚಾಚಿದರು. ಎದುರು ಮನೆಯ ದಾಕ್ಷಾಯಣಮ್ಮ ರಂಗೋಲಿ ಹಾಕುತ್ತಿದ್ದವರು ಆ ಕೈ ಕಂಡು ಎದ್ದು ನಿಂತರು.

“ಯಾರ್ಲಾ ಅದು, ಪರ್ವತಣ್ಣನ ಮನೆ ಹಾಲಿಗೆ ಕೈ ಹಾಕ್ತಿರೋದು?”

ಕೈಯ ಹಿಂದೆ ಪರ್ವತಯ್ಯನವರು ಪೂರ್ತಿಯಾಗಿ ಹೊರಗೆ ಬರಬೇಕಾಯಿತು.

“ಅಯ್ಯೋ ನೀವಾ ಅಣ್ಣ. ಇದೇನು ಇಂಗ್ ಕರ್ರಗಾಗ್ಬುಟ್ಟಿದೀರಿ? ಇಂಗ್ಲೆಂಡ್ನಾಗೆ ಬಿಸ್ಲೇ ಇರಲ್ಲ ಅಂತಾರೆ.”

“ಬಿಸಿಲಲ್ಲ ಕಣಮ್ಮ. ಸಮುದ್ರದ ಗಾಳಿ. ಉಪ್ಪಿನ ಗಾಳಿಗೆ ಮೈ ಕಪ್ಪಾಗ್ತದೆ.”

“ಅಂಗಾರೆ ಅಲ್ಲಿರೋರೆಲ್ಲ ಬೆಳ್ಳಗೆ ಹೆಂಗವ್ರೆ?”

ಪರ್ವತಯ್ಯನವರು ಒಂದು ಗಳಿಗೆ ಹಾಲಿನ ಪ್ಯಾಕೆಟ್ಟನ್ನೇ ನೋಡುತ್ತ ನಿಂತರು. “ಅವರಿಗೆ ಅಭ್ಯಾಸ ಆಗೋಗಿದೆ,” ಎಂದು ಹೇಳಿ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ನಿಜ ಏನೆಂದರೆ, ಪರ್ವತಯ್ಯನವರು ಇಂಗ್ಲೆಂಡಿನ ದಿಕ್ಕಿಗೆ ತಲೆಹಾಕಿ ಕೂಡ ಮಲಗಿರಲಿಲ್ಲ. ಇಪ್ಪತ್ತು ದಿನವೂ ಅವರು ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ, ಷಡ್ಡಕ ಹಾಲೇಶನ ಮನೆಯ ಜಗಲಿಯ ಮೇಲಿದ್ದರು.

ಹೊರಟದ್ದು ಇಂಗ್ಲೆಂಡಿಗೇ. ಅವರ ಒಬ್ಬಳೇ ಮಗಳು ಲೋಹಿತಾ ಬ್ರೈಟನ್ ಎಂಬ ಕಡಲೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. “ಒಂದ್ಸಲ ಬಂದು ಸಮುದ್ರ ನೋಡ್ಕೊಂಡು ಹೋಗಪ್ಪ,” ಎಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಹೆಂಡತಿ ಕರಿಬಸಮ್ಮ, ಆ ಚಳಿಗೆ ತನ್ನ ಮಂಡಿ ಒಪ್ಪುವುದಿಲ್ಲ ಎಂದು ಉಳಿದುಕೊಂಡರು. ತಾಲ್ಲೂಕು ಕಚೇರಿಯ ಗುಮಾಸ್ತಿಕೆಯಿಂದ ನಿವೃತ್ತರಾದ ಪರ್ವತಯ್ಯನವರು ಒಬ್ಬರೇ ಹೋಗುವುದೆಂದಾಯಿತು. ಪಾಸ್‌ಪೋರ್ಟು, ವೀಸಾ ಬೆಂಗಳೂರಿನಲ್ಲಿ ಕೈಗೆ ಸಿಗುತ್ತವೆ, ಮರುದಿನ ವಿಮಾನ.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಯಾರಾದರೂ ದೊಡ್ಡ ಕೆಲಸ ಮಾಡುತ್ತಾರೆಂದು ಗೊತ್ತಾದರೆ, ಮಾಡುವುದಕ್ಕೆ ಮೊದಲೇ ಶಾಲು ಹೊದಿಸಿಬಿಡುವ ಪದ್ಧತಿ. ಬೆಳಗಿನ ಹೊತ್ತು ಜೊತೆಯಲ್ಲಿ ನಡೆಯುವ ಗೆಳೆಯರ ‘ನಡಿಗೆ ಬಳಗ’ದವರು ಬಸ್‌ಸ್ಟ್ಯಾಂಡಿನಲ್ಲೇ ಶಾಲು ಹೊದಿಸಿ, ಮಾರುದ್ದದ ಸುಗಂಧರಾಜದ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಬೆಂಗಳೂರು ಬಸ್ಸು ಹತ್ತಿಸಿದರು. ಬಸ್ಸು ಹೊರಟು ಬಳಗದವರು ಕೈ ಬೀಸುತ್ತಿದ್ದಾಗಲೇ ಲೋಹಿತಾಳ ಫೋನು ಬಂತು. ಯಾವುದೋ ಕಾಗದ ಸರಿಯಿಲ್ಲವೆಂದು ವೀಸಾ ಕೊಟ್ಟಿಲ್ಲವಂತೆ.

ಆಗಲೇ ಇಳಿದು ಹೇಳಬಹುದಿತ್ತು. ಆದರೆ ಹಾರ ಕೊರಳಲ್ಲಿತ್ತು. ಹಾರ ಹಾಕಿಕೊಂಡು ಇಳಿಯುವುದು ಹೇಗೆ, ಹಾಕಿದವರ ಕಣ್ಣೆದುರಿಗೆ ಅದನ್ನು ತೆಗೆಯುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಕೊರಟಗೆರೆ ಬಂತು. ಅಲ್ಲಿ ಇಳಿದು, ಇಪ್ಪತ್ತು ದಿನ ತಲೆಮರೆಸಿಕೊಳ್ಳಲು ತಿರುಮಣಿಯೇ ಸರಿ ಎಂದುಕೊಂಡು ಹೆಂಡತಿಗೂ ಮಗಳಿಗೂ ಮಾತ್ರ ಫೋನಿನಲ್ಲಿ ಗುಟ್ಟು ತಿಳಿಸಿ, ಪಾವಗಡದ ಬಸ್ಸು ಹತ್ತಿದರು. ಹತ್ತಿ ಕೂತ ಮೇಲೆ ನೆನಪಾಯಿತು, ಆ ಬಸ್ಸು ಹೋಗುವುದು ಮಧುಗಿರಿಯ ಮೇಲೆಯೇ.

ಬಸ್ಸು ಮಧುಗಿರಿಯಲ್ಲಿ ನಿಂತಾಗ ಬಳಗದವರು ಇನ್ನೂ ಕ್ಯಾಂಟೀನಿನ ಮುಂದೆ ಕಾಫಿ ಕುಡಿಯುತ್ತ, ವಿಮಾನ ಯಾವ ದೇಶದ ಮೇಲೆ ಹೋಗುತ್ತದೆಂದು ವಾದಿಸುತ್ತಿದ್ದರು. ಪರ್ವತಯ್ಯನವರು ಸನ್ಮಾನದ ಶಾಲನ್ನು ತಲೆಯ ಮೇಲಿಂದ ಎಳೆದುಕೊಂಡು ಮುದುಡಿ ಕೂತರು. ಶಾಲು ಗಿಡ್ಡ. ಹಣೆ ಮುಚ್ಚಿದರೆ ಗಲ್ಲ ಕಾಣುತ್ತಿತ್ತು, ಗಲ್ಲ ಮುಚ್ಚಿದರೆ ಹಣೆ. ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಓಬಳಮ್ಮ ಕಿಟಕಿಯ ಹತ್ತಿರ ಬಂದು ಬಗ್ಗಿ ನೋಡಿದಳು. ಕಡಲೆಕಾಯಿ ಬುಟ್ಟಿಯನ್ನು ತಲೆಗೇರಿಸಿ ಆ ಕಿಟಕಿಗೇ ಅಡ್ಡವಾಗಿ ನಿಂತು, ಬಸ್ಸು ಹೊರಡುವವರೆಗೂ “ಕಳ್ಳೇಕಾಯ್, ಬಿಸಿ ಕಳ್ಳೇಕಾಯ್” ಎಂದು ಕ್ಯಾಂಟೀನಿನ ಕಡೆ ಮುಖಮಾಡಿ ಕೂಗುತ್ತಿದ್ದಳು. ಅವಳು ಗುರುತು ಹಿಡಿದಳೋ ಇಲ್ಲವೋ ಎಂಬುದು ಪರ್ವತಯ್ಯನವರಿಗೆ ಈವತ್ತಿಗೂ ತಿಳಿದಿರಲಿಲ್ಲ.

ತಿರುಮಣಿಯಲ್ಲಿ ಬಿಸಿಲೋ ಬಿಸಿಲು. ಬಿಸಿಲಿದೆ ಎಂದೇ ತಾನೆ ಅಲ್ಲಿ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕ ಹಾಸಿರುವುದು. ಹಾಲೇಶನ ಜಮೀನೂ ಅದಕ್ಕೇ ಗುತ್ತಿಗೆಗೆ ಹೋಗಿತ್ತು. ಮಾಡಲು ಕೆಲಸವಿಲ್ಲದ ಷಡ್ಡಕರಿಬ್ಬರೂ ದಿನವಿಡೀ ಜಗಲಿಯ ಮೇಲೆ ಕೂತು ಎರಡು ಹೊತ್ತೂ ರಾಗಿಮುದ್ದೆ ಉಂಡರು. ನಡುವೆ ಒಮ್ಮೆ, ಮಗಳು ಮತ್ತೆ ಅರ್ಜಿ ಹಾಕಿದ್ದರಿಂದ, ಪರ್ವತಯ್ಯನವರು ಮಧುಗಿರಿಯನ್ನು ತಪ್ಪಿಸಿ ಹಿಂದೂಪುರದಿಂದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಿದ್ದರು. ಆದರೆ ಅದರ ಆಸೆ ಬಿಟ್ಟಿದ್ದರು. ಹೇಳಿ ಹೋಗಿದ್ದ ಇಪ್ಪತ್ತು ದಿನ ಮುಗಿದಿತ್ತು, ಹಿಂತಿರುಗಿದ್ದರು.

ಆ ಬೆಳಿಗ್ಗೆ ಅವರು ಬಾಗಿಲು ಹಾಕಿಕೊಂಡ ಅರ್ಧ ಗಂಟೆಯಲ್ಲಿ ದಾಕ್ಷಾಯಣಮ್ಮ ಮುಚ್ಚಿದ ತಟ್ಟೆ ಹಿಡಿದು ಬಂದರು. ಹಬೆಯಾಡುವ ಮುದ್ದೆ, ಬಸ್ಸಾರು, ಪಲ್ಯ.

“ಇಪ್ಪತ್ತು ದಿನದಿಂದ ಬಾಯಿಗೆ ಮುದ್ದೆ ಬಿದ್ದಿರಲ್ಲ ಪಾಪ. ಕಣ್ಣೇ ಗುಳಿ ಬಿದ್ದವೆ. ನಿಮ್ಮನ್ನ ನೋಡಿದೇಟಿಗೇ ಇಟ್ಟು ತೊಳಸ್ದೆ. ಉಣ್ಣಿ ಅಣ್ಣ.”

ಮುದ್ದೆಯನ್ನು ನೋಡಿದ ಕೂಡಲೇ ಪರ್ವತಯ್ಯನವರು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು. ಆದರೆ ಆಕೆ ಎದುರಿಗೇ ಕೂತು, ಹಸಿದ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಪೂರ್ತಿ ಉಂಡರು. ಕೊನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂತು.

“ನೋಡಮ್ಮ ಕರಿಬಸಮ್ಮ, ಎಂಗೆ ಅಳ್ತಾವ್ರೆ,” ಎಂದು ದಾಕ್ಷಾಯಣಮ್ಮ ಸೆರಗಿನಿಂದ ತಮ್ಮ ಕಣ್ಣನ್ನೂ ಒರೆಸಿಕೊಂಡರು. “ಮಧ್ಯಾಹ್ನಕ್ಕೂ ತತ್ತೀನಿ.”

ಅವರು ಹೋದ ಮೇಲೆ ಕರಿಬಸಮ್ಮ ಕೈತೊಳೆಯಲು ನೀರು ಕೊಟ್ಟು, “ಇಂಗ್ಲೆಂಡಿನ ಮರ್ಯಾದೆ ಅಂದ್ರೆ ಇದೇ. ಅನುಭವ್ಸಿ,” ಎಂದರು.

ಹತ್ತು ಗಂಟೆಗೆ ನಡಿಗೆ ಬಳಗದ ಅಧ್ಯಕ್ಷ ಸಣ್ಣರಂಗಯ್ಯ ಬಂದರು. ಕರೆಂಟು ಕಚೇರಿಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆಗಿದ್ದವರು. ಹಳೆಯ ಟಿವಿಎಸ್ ನಿಲ್ಲಿಸಿ, ಹೊಸಿಲು ದಾಟುವ ಮೊದಲೇ ಪರ್ವತಯ್ಯನವರ ಎರಡೂ ಕೈ ಹಿಡಿದುಕೊಂಡರು.

“ಬಂದ್ರಲ್ಲ ಪರ್ವತಣ್ಣ, ಅಷ್ಟೇ ಸಾಕು. ತಂಗೀನ ಒಬ್ಬಳೇ ಬುಟ್ಟು ಹೋಗಿದ್ರಿ, ನಂಗೆ ನಿದ್ದೆನೇ ಬರ್ತಿರ್ಲಿಲ್ಲ.”

ಆಗ ಕರಿಬಸಮ್ಮ ಹೇಳಿದರು, ಸ್ವಲ್ಪ ತಲೆ ತಗ್ಗಿಸಿಕೊಂಡು. ಒಂದು ದಿನ ಮಂಡಿ ಬಾತುಕೊಂಡು ಏಳಲಾಗದಿದ್ದಾಗ ಸಣ್ಣರಂಗಯ್ಯನೇ ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದೊಯ್ದಿದ್ದರು. ಗ್ಯಾಸು ಮುಗಿದಾಗ ಸಿಲಿಂಡರನ್ನು ಟಿವಿಎಸ್ಸಿನ ಮೇಲೆ ತಂದು ಕೊಟ್ಟಿದ್ದರು. ಪ್ರತಿ ಸಂಜೆ ಬಾಗಿಲ ಹೊರಗೇ ನಿಂತು “ಲೈಟ್ ಉರೀತಾ ಐತಾ ತಂಗಿ?” ಎಂದು ಕೇಳಿ ಹೋಗುತ್ತಿದ್ದರು.

“ಅಣ್ಣಾರು ಸಮುದ್ರದಾಚೆ ಅವ್ರೆ, ಕರೆದ್ರೆ ಬರೋ ದೂರಾನಾ ಅದು?” ಎಂದರು ಸಣ್ಣರಂಗಯ್ಯ.

ಒಂದು ಬಸ್ಸಿನ ದೂರದಲ್ಲಿ ಕಾಲು ಚಾಚಿ ಕೂತಿದ್ದ ಪರ್ವತಯ್ಯನವರಿಗೆ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಹೆಂಡತಿ ಫೋನಿನಲ್ಲಿ ಇದನ್ನು ಯಾಕೆ ಹೇಳಲಿಲ್ಲವೆಂದೂ ತಿಳಿಯಿತು. ಹೇಳಿದ್ದರೆ ಅವರು ಓಡಿ ಬರುತ್ತಿದ್ದರು. ಓಡಿ ಬಂದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಆಕೆ ಗಂಡನ ಮಾನಕ್ಕಾಗಿ ನೋವು ನುಂಗಿದ್ದರು.

“ಸಣ್ಣರಂಗಣ್ಣ, ನಿಮಗೊಂದು ಮಾತು ಹೇಳ್ಬೇಕು,” ಎಂದು ಶುರುಮಾಡಿದರು.

“ಎಲ್ಲಾನೂ ಸಂಜೆ ಹೇಳೀರಂತೆ. ಸಮುದಾಯ ಭವನದಾಗೆ ನಾಕು ಗಂಟೆಗೆ ನಿಮ್ಮ ಭಾಷಣ ಇಟ್ಟಿದೀವಿ. ಫ್ಲೆಕ್ಸೂ ಕಟ್ಸಿದೀನಿ.”

ಫ್ಲೆಕ್ಸ್ ಬಸ್‌ಸ್ಟ್ಯಾಂಡಿನ ಎದುರಿಗೇ ಇತ್ತು. ‘ಇಂಗ್ಲೆಂಡಿನ ಕಡಲೂರಿಗೆ ಹೋದರೆ ಏನೇನು ನೋಡಬೇಕು, ಏನೇನು ಮಾಡಬೇಕು: ಶ್ರೀ ಪರ್ವತಯ್ಯನವರ ಅನುಭವ’ ಎಂದು ದಪ್ಪಕ್ಷರ. ಅದರ ಕೆಳಗೆ ಹಡಗೊಂದರ ಮೇಲೆ ನಿಂತ ಪರ್ವತಯ್ಯನವರು. ಅವರ ತಲೆ ಪಿಂಚಣಿ ಕಾರ್ಡಿನದು, ಕೋಟು ಯಾರದೋ.

ಅದನ್ನು ಕಣ್ಣಾರೆ ನೋಡಲು ಸಣ್ಣರಂಗಯ್ಯ ಅವರನ್ನು ಟಿವಿಎಸ್ಸಿನ ಮೇಲೆ ಕೂರಿಸಿಕೊಂಡು ಹೋದರು. ದಾರಿಯಲ್ಲಿ ಚಿಕ್ಕನರಸಯ್ಯನ ಹೋಟೆಲಿನವರು ಕೂಗಿ ಕರೆದು, ದುಡ್ಡು ಬೇಡವೆಂದು ಎರಡನೆಯ ಮುದ್ದೆ ತಿನ್ನಿಸಿದರು. ಅಲ್ಲಿಂದ ಸಣ್ಣರಂಗಯ್ಯನ ಮನೆ. ಹೆಂಡತಿಯಿಲ್ಲದ ಆ ಗಂಡಸು ಸೊಸೆಗೆ ಹೇಳಿ, ಅವರೆಕಾಳಿನ ಸಾರು ಮಾಡಿಸಿಟ್ಟಿದ್ದರು. ಮೂರನೆಯ ಮುದ್ದೆ ಇಳಿಯುವಾಗ ಪರ್ವತಯ್ಯನವರಿಗೆ, ದೇವರು ತನಗೆ ಶಿಕ್ಷೆಯನ್ನು ರಾಗಿಯ ರೂಪದಲ್ಲೇ ಕೊಡಲು ನಿಶ್ಚಯಿಸಿದ್ದಾನೆಂಬುದು ಖಚಿತವಾಯಿತು.

ಮನೆಗೆ ಬಂದವರೇ ಹೊಟ್ಟೆ ಹಿಡಿದುಕೊಂಡು ಮಗಳಿಗೆ ಫೋನು ಮಾಡಿದರು. ಲೋಹಿತಾ ಆಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು.

“ಅಪ್ಪಾ, ನಿಜ ಹೇಳ್ಬಿಡು. ಯಾರೇನು ಹೊಡೀತಾರಾ?”

“ಹೊಡೆದಿದ್ರೆ ಹೇಳ್ಬಿಡ್ತಿದ್ದೆ ಕಣಮ್ಮ. ಊಟ ಹಾಕ್ತಾವ್ರೆ. ನೀನು ಅಲ್ಲಿ ಏನೇನಿದೆ ಅಂತ ಹೇಳು.”

ಅವಳು ನಿಟ್ಟುಸಿರು ಬಿಟ್ಟು ಹೇಳಿದಳು. ದಂಡೆಯಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು. ಸಮುದ್ರದೊಳಕ್ಕೆ ಚಾಚಿದ ಉದ್ದನೆಯ ಕಟ್ಟೆ, ಅದರ ಮೇಲೆ ತೊಟ್ಟಿಲು, ಕುದುರೆ ಆಟ. ಬಟ್ಟೆಯ ಮಡಚುವ ಕುರ್ಚಿಯಲ್ಲಿ ಕೂತು ಸುಮ್ಮನೆ ನೀರು ನೋಡಬೇಕು. ಆಲೂಗಡ್ಡೆ ಚಿಪ್ಸಿಗೆ ಹುಳಿನೀರು ಹಾಕಿಸಿಕೊಂಡು ತಿನ್ನಬೇಕು, ಕಡಲಹಕ್ಕಿ ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳಬೇಕು. ನಮ್ಮ ಕಡೆಯ ಗುಮ್ಮಟಗಳಂಥ ಗುಮ್ಮಟವಿರುವ ಅರಮನೆ ನೋಡಬೇಕು. ಎಷ್ಟೇ ಚಳಿಯಿದ್ದರೂ ಐಸ್‌ಕ್ರೀಮ್ ತಿನ್ನಬೇಕು.

“ಆ ಎರಡನೇ ಅರ್ಜಿದು ಇನ್ನೂ ಏನೂ ತಿಳಿದಿಲ್ಲಪ್ಪ,” ಎಂದಳು ಕೊನೆಗೆ.

“ಅದನ್ನ ಮರೆತುಬಿಡು ತಾಯಿ. ನಂಗೆ ಹೋದ ಇಂಗ್ಲೆಂಡೇ ಸಾಕಾಗಿದೆ.”

ನಾಲ್ಕು ಗಂಟೆಗೆ ಸಮುದಾಯ ಭವನ ತುಂಬಿತ್ತು. ಬಳಗದವರಲ್ಲದೆ ಅವರ ಮನೆಯವರೂ ಬಂದಿದ್ದರು. ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಓಬಳಮ್ಮ ತನ್ನ ಬುಟ್ಟಿಯಿಟ್ಟುಕೊಂಡು ಕೂತಿದ್ದಳು. ಬಂದವರಿಗೆ ಹಂಚಲು ಅವತ್ತಿನ ಕಡಲೆಕಾಯಿ ಅವಳದೇ. ಪರ್ವತಯ್ಯನವರು ಅವಳ ಕಡೆ ನೋಡದೆ ಒಳಗೆ ಸರಿದರು. ನಿವೃತ್ತ ಕನ್ನಡ ಮೇಷ್ಟ್ರು ಲಕ್ಷ್ಮೀಪತಿಯವರು ಸ್ವಾಗತ ಹೇಳಿದರು. ಮೊಬೈಲ್ ಅಂಗಡಿಯ ಭೀಮರಾಜು ಗೋಡೆಯ ಟಿವಿಗೆ ಏನೋ ತಂತಿ ಸಿಕ್ಕಿಸುತ್ತಿದ್ದ.

ಮೊದಲ ಹತ್ತು ನಿಮಿಷ ಭಾಷಣ ಚೆನ್ನಾಗಿಯೇ ನಡೆಯಿತು. ಕಲ್ಲಿನ ದಂಡೆ, ಕಟ್ಟೆ, ಕುರ್ಚಿ, ಐಸ್‌ಕ್ರೀಮು. ಕಡಲಹಕ್ಕಿಯ ವಿಷಯಕ್ಕೆ ಬಂದಾಗ, ತಿರುಮಣಿಯಲ್ಲಿ ಕೋತಿಯೊಂದು ತಮ್ಮ ಕೈಯಿಂದ ಬೋಂಡ ಕಿತ್ತುಕೊಂಡು ಹೋದದ್ದನ್ನು ಹಾಗೇ ಹೇಳಿಬಿಟ್ಟರು. ಕೋತಿಯ ಜಾಗದಲ್ಲಿ ಹಕ್ಕಿ, ಬೋಂಡದ ಜಾಗದಲ್ಲಿ ಚಿಪ್ಸು.

“ಕಿತ್ಕೊಂಡು ಹೋಗಿ ಮಾಳಿಗೆ ಮೇಲೆ ಕೂತ್ಕೊಂಡು, ನನ್ನ ಮುಖಾನೇ ನೋಡ್ತಾ, ಎರಡು ಕೈಲೂ ಹಿಡ್ಕೊಂಡು ತಿಂತು.”

“ಹಕ್ಕಿಗೆ ಕೈಯೆಲ್ಲಿತ್ತಣ್ಣ?” ಎಂದ ಭೀಮರಾಜು.

“ರೆಕ್ಕೆ. ಅಲ್ಲಿನ ಹಕ್ಕಿಗಳು ಭಾರೀ ಬುದ್ಧಿವಂತ,” ಎಂದರು ಪರ್ವತಯ್ಯ. ಸಭೆ ಬಿದ್ದು ಬಿದ್ದು ನಕ್ಕಿತು.

ಅಲ್ಲಿಗೆ ಭೀಮರಾಜುವಿನ ತಂತಿ ಸರಿಯಾಯಿತು. “ನಿಮ್ಮ ಫೋನ್ ಕೊಡಣ್ಣ, ಫೋಟೋ ಎಲ್ಲಾನೂ ದೊಡ್ದಾಗಿ ನೋಡಾಣ,” ಎಂದು ಮೇಜಿನ ಮೇಲಿದ್ದ ಫೋನನ್ನು ಎತ್ತಿಕೊಂಡೇ ಬಿಟ್ಟ. ಮಗಳು ಕಳಿಸಿದ್ದ ಚಿತ್ರಗಳು ಒಂದೊಂದಾಗಿ ಬಂದವು.

“ಒಂದ್ರಾಗೂ ನೀವೇ ಇಲ್ವಲ್ಲ?”

“ತೆಗೆದವನು ನಾನಲ್ವಾ,” ಎಂದರು.

ಭೀಮರಾಜು ಬೆರಳು ಇನ್ನೊಮ್ಮೆ ಎಳೆದ. ಟಿವಿಯ ತುಂಬ ತಿರುಮಣಿ ಬಂತು.

ಸಂಜೆಯ ಹೊತ್ತು ಹಾಲೇಶನ ಮನೆಯ ಮುಂದೆ ತೆಗೆದ ಚಿತ್ರ. ಪರ್ವತಯ್ಯನವರು ನಿಂತಿದ್ದಾರೆ, ಪಕ್ಕದಲ್ಲಿ ತಲೆಗೆ ಟವೆಲ್ಲು ಸುತ್ತಿದ ಹಾಲೇಶ. ಅವರ ಹಿಂದೆ, ಬಾನಂಚಿನವರೆಗೂ, ಇಳಿಬಿಸಿಲಲ್ಲಿ ನೀಲಿಯಾಗಿ ಹೊಳೆಯುತ್ತಿರುವ ಸೋಲಾರ್ ಫಲಕಗಳು. ಪರ್ವತಯ್ಯನವರು ಕುರ್ಚಿಯ ಬೆನ್ನು ಹಿಡಿದುಕೊಂಡರು. ಮುಗಿಯಿತು ಎಂದುಕೊಂಡರು. ಒಂದು ಬಗೆಯಲ್ಲಿ ನೆಮ್ಮದಿಯೂ ಆಯಿತು.

“ಆಹಾ,” ಎಂದಿತು ಸಭೆ. “ಇದೇ ಏನು ಸಮುದ್ರ?”

ಪರ್ವತಯ್ಯನವರ ಬಾಯಿ ತೆರೆದೇ ಇತ್ತು. ಅದರೊಳಗಿಂದ “ಹೂಂ” ಎಂಬ ಶಬ್ದ ಬಂತು.

“ಅಲೆನೇ ಇಲ್ವಲ್ಲಣ್ಣ?”

“ಅಲ್ಲಿ ಅಲೆ ಜಾಸ್ತಿ ಗಲಾಟೆ ಮಾಡಲ್ಲ. ಶಿಸ್ತಿನ ದೇಶ.”

“ಮುಂದ್ಗಡೆ ತಂತಿಬೇಲಿ ಯಾಕೆ?” ಎಂದು ಮತ್ತೊಬ್ಬರು ಕೇಳಿದರು.

“ಮಕ್ಕಳು ಬೀಳಬಾರದಲ್ಲ.”

“ಜೊತೇಲಿರೋರು ನಮ್ಮ ಕಡೆಯೋರ ಥರಾನೇ ಅವ್ರೆ,” ಎಂದ ಭೀಮರಾಜು, ಕಣ್ಣು ಕಿರಿದು ಮಾಡಿ.

ಪರ್ವತಯ್ಯನವರು ಉತ್ತರ ಹುಡುಕುವಷ್ಟರಲ್ಲಿ ಲಕ್ಷ್ಮೀಪತಿ ಮೇಷ್ಟ್ರು ಎದ್ದು ನಿಂತರು. “ಭೀಮರಾಜು, ಮನುಷ್ಯ ಎಲ್ಲಿದ್ದರೂ ಮನುಷ್ಯನೇ ಕಣಯ್ಯ. ಸಮುದ್ರದ ಮುಂದೆ ನಿಂತಾಗ ಎಲ್ಲರ ಮುಖವೂ ಒಂದೇ ಥರ ಕಾಣ್ತದೆ. ನೀವು ಮುಂದುವರಿಸಿ ಪರ್ವತಯ್ಯನವರೇ. ಅಲ್ಲಿ ಕೂತಾಗ ನಿಮಗೆ ಏನನ್ನಿಸ್ತು?”

ಆಗ ಪರ್ವತಯ್ಯನವರು ಆ ದಿನದ ಮೊದಲ ನಿಜವನ್ನು ಹೇಳಿದರು. ಚಿತ್ರದ ಕಡೆ ತಿರುಗಿ, ಮೆಲ್ಲಗೆ.

“ಸಂಜೆ ಹೊತ್ತು ಸುಮ್ನೆ ನೋಡ್ತಾ ಕೂತಿರ್ತಿದ್ದೆ. ಮೊದಲು ನೀಲಿ ಇರ್ತದೆ, ಆಮೇಲೆ ಕೆಂಪಾಗ್ತದೆ, ಆಮೇಲೆ ಬೂದಿ ಬಣ್ಣ. ಯಾರೂ ಮಾತಾಡಲ್ಲ. ಕುರಿಗಳು ಮನೆಗೆ ಹೋಗ್ತಿರ್ತವೆ. ನನಗೆ ನೀವೆಲ್ಲ ನೆನಪಾಗ್ತಿದ್ರಿ. ನಿಮ್ಮನ್ನೆಲ್ಲ ಬಿಟ್ಟು ನಾನಿಲ್ಲಿ ಯಾಕೆ ಕೂತಿದೀನಿ ಅಂತ ನಾಚಿಕೆ ಆಗ್ತಿತ್ತು.”

ಮುಂದಿನ ಸಾಲಿನಲ್ಲಿದ್ದ ಸಣ್ಣರಂಗಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

“ನಮ್ಮನೆಯಾಕೆ ಸಮುದ್ರ ನೋಡ್ಬೇಕು ಅಂತಿದ್ಲು ಪರ್ವತಣ್ಣ,” ಎಂದರು. “ಮುಂದಿನ ವರ್ಷ, ಮುಂದಿನ ವರ್ಷ ಅಂತ ನಾನೇ ಮುಂದಕ್ಕಾಕ್ದೆ. ಕಡೆಗೂ ನೋಡಲಿಲ್ಲ. ನಾನೂ ನೋಡಿಲ್ಲ. ಇವತ್ತು ನೀವು ತೋರಿಸ್ಬುಟ್ರಿ. ನಿಮ್ಮ ಋಣ ದೊಡ್ಡದು.”

ಪರ್ವತಯ್ಯನವರಿಗೆ ಇನ್ನು ತಡೆಯಲಾಗಲಿಲ್ಲ. ಮೂರು ಮುದ್ದೆಗಳನ್ನು ನುಂಗಿದ್ದರು, ಇದನ್ನು ನುಂಗಲಾಗಲಿಲ್ಲ. ಅಷ್ಟರಲ್ಲಿ ಹೊಸ ಶಾಲು, ಪೇಟ, ಹಾರದ ತಟ್ಟೆಯೂ ವೇದಿಕೆಗೆ ಬಂತು. ಅವರು ಕೈ ಅಡ್ಡ ಹಿಡಿದರು.

“ಬೇಡಿ. ನಾನು ಇದಕ್ಕೆ ಯೋಗ್ಯನಲ್ಲ.”

ಸಭೆ ಚಪ್ಪಾಳೆ ತಟ್ಟಿತು. ಸನ್ಮಾನ ಮಾಡಿಸಿಕೊಳ್ಳುವವರು ಹೇಳಬೇಕಾದ ಮೊದಲ ಮಾತೇ ಅದು. ಆ ವೇದಿಕೆಯಲ್ಲಿ ಅದನ್ನು ಹೇಳದೆ ಶಾಲು ಹೊದ್ದವರು ಯಾರೂ ಇರಲಿಲ್ಲ.

“ನಿಜವಾಗ್ಲೂ ಹೇಳ್ತಿದೀನಿ. ನನಗೆ ಈ ಮರ್ಯಾದೆ ಸಲ್ಲೋದಿಲ್ಲ.”

ಇನ್ನೂ ಜೋರು ಚಪ್ಪಾಳೆ. ಅದು ಎರಡನೆಯ ಮಾತು.

“ನಾನು ಇಂಗ್ಲೆಂಡಿಗೆ ಹೋಗೇ ಇಲ್ಲ.”

ಕರಿಬಸಮ್ಮ ಹೆಂಗಸರ ಸಾಲಿನಲ್ಲಿ ಕಣ್ಣು ಮುಚ್ಚಿಕೊಂಡರು. ಲಕ್ಷ್ಮೀಪತಿ ಮೇಷ್ಟ್ರು ಮೈಕಿನ ಹತ್ತಿರ ಬಂದು ಪರ್ವತಯ್ಯನವರ ಭುಜದ ಮೇಲೆ ಕೈಯಿಟ್ಟರು.

“ಕೇಳಿದಿರಾ ಬಂಧುಗಳೇ? ದೇಹ ಮಾತ್ರ ಇಂಗ್ಲೆಂಡಿಗೆ ಹೋಗಿತ್ತು, ನಾನು ಹೋಗಲೇ ಇಲ್ಲ, ಮಧುಗಿರಿಯಲ್ಲೇ ಇದ್ದೆ ಅಂತಿದಾರೆ. ಮೂವತ್ತು ವರ್ಷ ಪಾಠ ಮಾಡಿದೀನಿ, ಇಂಥ ಮಾತು ನನ್ನ ಬಾಯಲ್ಲಿ ಬರಲಿಲ್ಲ.”

“ಅಲ್ಲ ಮೇಷ್ಟ್ರೇ, ನನ್ನ ದೇಹಾನೂ...”

ಅಷ್ಟರಲ್ಲಿ ಪೇಟ ಬಂದು ತಲೆಯ ಮೇಲೆ ಕೂತಿತು. ಯಾರದೋ ತಲೆಯ ಅಳತೆಯದು. ಜಾರಿ ಮೂಗಿನವರೆಗೂ ಇಳಿಯಿತು. ಅದರ ಮೇಲೆ ಶಾಲು, ಶಾಲಿನ ಮೇಲೆ ಹಾರ. ಕತ್ತಲೆಯಲ್ಲಿ ನಿಂತು ಪರ್ವತಯ್ಯನವರು ಚಪ್ಪಾಳೆಯ ಸದ್ದನ್ನು ಕೇಳಿದರು.

ಪೇಟ ಸರಿಮಾಡಿಕೊಳ್ಳುತ್ತಿದ್ದಾಗ ಭೀಮರಾಜು ಫೋನನ್ನು ತಂದು ಕೈಗಿತ್ತ. “ಮಗಳು ಮಾಡ್ತಾವ್ಳೆ ಅಣ್ಣ.” ಪರ್ವತಯ್ಯನವರು ಹಾರದ ಸಮೇತ ಹೊರಗೆ ಓಡಿ, ಮೆಟ್ಟಿಲಿನ ಹತ್ತಿರ ಕಂಬದ ಮರೆಗೆ ನಿಂತರು. ಗಡಿಬಿಡಿಯಲ್ಲಿ ಒತ್ತಬಾರದ್ದು ಒತ್ತಿ, ಲೋಹಿತಾಳ ದನಿ ಮೈಕಿನಿಂದ ಬಂದ ಹಾಗೆ ಜೋರಾಗಿ ಬಂತು.

“ಅಪ್ಪಾ, ವೀಸಾ ಆಯ್ತು. ಈಗಷ್ಟೇ ಗೊತ್ತಾಯ್ತು. ಭಾನುವಾರ ಬೆಂಗಳೂರಿಂದ ವಿಮಾನ, ಟಿಕೆಟ್ಟೂ ತೆಗೆದ್ಬಿಟ್ಟೆ, ವಾಪಸ್ ಕೊಡಕ್ಕಾಗಲ್ಲ. ಇಪ್ಪತ್ತು ದಿನ ಇದ್ದು ಹೋಗು. ಸಮುದ್ರದ ಹತ್ತಿರಾನೇ ಕೂರಿಸ್ತೀನಿ.”

ಆ ದನಿಯಲ್ಲಿದ್ದ ಸಂತೋಷಕ್ಕೆ ಪರ್ವತಯ್ಯನವರಿಗೆ ಬೇಡವೆನ್ನಲಾಗಲಿಲ್ಲ. ಮಗಳನ್ನು ನೋಡಿ ಎರಡು ವರ್ಷವಾಗಿತ್ತು. “ಬರ್ತೀನಮ್ಮ,” ಎಂದರು. ಆಮೇಲೆ ನಿಧಾನಕ್ಕೆ ತಿಳಿಯಿತು. ಹೋಗಿಬಂದಾಗಿರುವ ಊರಿಗೆ ಈಗ ಹೋಗಬೇಕು. ಊರಿಗೆಲ್ಲ ಹೇಳಿ ಮಾಡದ ಪ್ರಯಾಣವನ್ನು ಈಗ ಯಾರಿಗೂ ಹೇಳದೆ ಮಾಡಬೇಕು. ಇಪ್ಪತ್ತು ದಿನ ಎಲ್ಲಿಗೆ ಹೋಗಿದ್ದೆನೆಂದು ಹೇಳುವುದು?

ಅವರು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಸಣ್ಣರಂಗಯ್ಯ ನಿಂತಿದ್ದರು. ಹಿಂದೆ ಅರ್ಧ ಬಳಗ. ಒಳಗಿನ ಗದ್ದಲದಲ್ಲಿ ಫೋನಿನ ಮಾತು ಅವರಿಗೆ ಕೇಳಿರಲಿಲ್ಲ.

“ಪರ್ವತಣ್ಣ, ಭಾನುವಾರ ಎಲ್ಲೂ ಹೋಗ್ಬ್ಯಾಡಿ. ನಮ್ಮನೇಲಿ ಬಳಗದೋರಿಗೆಲ್ಲ ಊಟ. ನಿಮಗೋಸ್ಕರಾನೇ.”

“ಭಾನುವಾರ ಆಗಲ್ಲ ಸಣ್ಣರಂಗಣ್ಣ.” ಏನು ಹೇಳುವುದೆಂದು ತಿಳಿಯದೆ, ಈ ಲೋಕದಲ್ಲಿ ತಮ್ಮನ್ನು ಬಚ್ಚಿಟ್ಟುಕೊಂಡಿದ್ದ ಒಂದೇ ಊರಿನ ಹೆಸರು ಬಾಯಿಗೆ ಬಂತು. “ತಿರುಮಣಿಗೆ ಹೋಗ್ಬೇಕು. ಷಡ್ಡಕನ ಮನೆಗೆ. ಒಂದು ಇಪ್ಪತ್ತು ದಿನ.”

“ತಿರುಮಣಿಗಾ?” ಸಣ್ಣರಂಗಯ್ಯನ ಮುಖ ದೀಪ ಹಚ್ಚಿದ ಹಾಗಾಯಿತು. “ಅಲ್ಲಿ ಸೋಲಾರ್ ಹಾಕವ್ರಲ್ಲ, ಅದು ದೂರದಿಂದ ಥೇಟು ಸಮುದ್ರದಂಗೇ ಕಾಣ್ತದಂತೆ ಕಣಣ್ಣ. ನಮ್ಮ ಇಲಾಖೆಯೋರು ಹೇಳ್ತಿದ್ರು. ಇಂಗ್ಲೆಂಡ್ಗಂತೂ ನಾವು ಹೋಗಾಕಾಗಲ್ಲ. ಅದನ್ನಾದ್ರೂ ನೋಡಾಣ. ನಾವೂ ಬರ್ತೀವಿ.”

“ಟೆಂಪೋ ಟ್ರಾವೆಲರ್ ನಾನು ಹೇಳ್ತೀನಿ,” ಎಂದ ಭೀಮರಾಜು. “ನಿಮ್ಮ ಷಡ್ಡಕರ ಜೊತೆ ನಿಲ್ಲಿಸಿ ಎಲ್ಲಾರ್ದೂ ಫೋಟೋ ತೆಗೀತೀನಿ. ಇಂಗ್ಲೆಂಡಿನ ಫೋಟೋ ಪಕ್ಕದಾಗೆ ಇಟ್ಟು ನೋಡಾಣ, ಯಾವ ಸಮುದ್ರ ಚೆಂದ ಅಂತ.”

“ನಾನು ಬುತ್ತಿ ಕಟ್ಕೊತೀನಿ,” ಎಂದರು ದಾಕ್ಷಾಯಣಮ್ಮ. “ಅಣ್ಣನಿಗೆ ಮುದ್ದೆ.”

ಬಳಗದವರು ಭಾನುವಾರ ಎಷ್ಟು ಹೊತ್ತಿಗೆ ಹೊರಡುವುದೆಂದು ವಾದಿಸುತ್ತ ಒಳಗೆ ನಡೆದರು. ಸಣ್ಣರಂಗಯ್ಯ ಹೋಗುವಾಗ ಅವರ ಕೈಯನ್ನು ಮತ್ತೊಮ್ಮೆ ಹಿಡಿದು ಒತ್ತಿದರು. ಪರ್ವತಯ್ಯನವರು ಶಾಲು, ಪೇಟ, ಹಾರದ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತರು.

ಪಕ್ಕದಲ್ಲಿ ಓಬಳಮ್ಮ ಖಾಲಿ ಬುಟ್ಟಿ ಕೊಡವಿ ಮೇಲೆದ್ದಳು. ಫೋನಿನ ಪ್ರತಿಯೊಂದು ಮಾತೂ ಅವಳ ಕಿವಿಗೆ ಬಿದ್ದಿತ್ತೆಂದು ಪರ್ವತಯ್ಯನವರಿಗೆ ಆಗ ಹೊಳೆಯಿತು. ಅವಳು ಮಡಿಲಿನಿಂದ ಕೊನೆಯ ಕಡಲೆಕಾಯಿ ಪೊಟ್ಟಣ ತೆಗೆದು ಅವರ ಕೈಗಿಟ್ಟಳು. ಅವರು ಹೊದ್ದಿದ್ದ ಹೊಸ ಶಾಲಿನ ಅಂಚನ್ನು ಹಿಡಿದು, ಬಟ್ಟೆ ಅಂಗಡಿಯಲ್ಲಿ ನೋಡುವ ಹಾಗೆ ಬಿಡಿಸಿ, ಅಳೆದು ನೋಡಿದಳು.

“ಈ ಸಲಿ ಅಗಲವಾಗೇ ಹೊದಿಸವ್ರೆ ಸಾಮಿ,” ಎಂದಳು ಮೆಲ್ಲಗೆ. “ಮುಖ ಪೂರ್ತಿ ಮುಚ್ತದೆ.”